ಸುಮಂಗಲಾ ಯಾರಿಗೂ ಗುರುವಲ್ಲ

ನಾಶಿಕದ ಬಳಿಯ ಪಿಂಪಳಗಾಂವ್ ಬಸವಂತದ ಈರುಳ್ಳಿ ಮಾರುಕಟ್ಟೆಯ ಮುಂದೆ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರುಗಳ ಸಾಲು ಹೆದ್ದಾರಿಯವರೆಗೆ ಬಂದು ನಿಂತಿದೆ. ಹರಾಜು ಶುರುವಾಗುವುದಕ್ಕೆ ಇನ್ನೂ ಹೊತ್ತಿದೆ. ಕೆಲವು ಡ್ರೈವರುಗಳು ಗೋಣಿಚೀಲ ಹೊದ್ದು ಟ್ರಾಲಿಯ ಕೆಳಗೆ ಮುದುಡಿದ್ದಾರೆ, ಎದ್ದವರು ಚಹಾದಂಗಡಿಯ ಒಲೆಗೆ ಕೈಕಾಯಿಸುತ್ತಿದ್ದಾರೆ. ಅದೇ ಅಂಗಡಿಯ ಹಲಗೆಯ ಮೇಲೆ ಸುಮಂಗಲಾ ತಮ್ಮ ಚೀಲವನ್ನು ಬೋರಲು ಹಾಕುತ್ತಾರೆ. ರಕ್ತದೊತ್ತಡ ನೋಡುವ ಯಂತ್ರ, ಥರ್ಮಾಮೀಟರು, ಜ್ವರದ ಮಾತ್ರೆ, ಬ್ಯಾಂಡೇಜು, ಕಾಂಡೋಮಿನ ಪೊಟ್ಟಣ, ಒಂದು ಬಾಚಣಿಗೆ, ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟು. ಎಲ್ಲವನ್ನೂ ಹರವಿ, ಖಾಲಿ ಚೀಲವನ್ನು ಒಳಹೊರಗು ಮಾಡಿ ಝಾಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಟ್ರ್ಯಾಕ್ಟರಿನಿಂದ ಟ್ರ್ಯಾಕ್ಟರಿಗೆ ಚಪ್ಪಾಳೆ ತಟ್ಟಿಕೊಂಡು ಬರುತ್ತಿದ್ದ ನಾಲ್ವರು ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇದನ್ನು ಕಂಡು ದೂರದಲ್ಲೇ ನಿಲ್ಲುತ್ತಾರೆ. ತಮ್ಮೊಳಗೆ ಏನೋ ಮಾತಾಡಿಕೊಳ್ಳುತ್ತಾರೆ. ಕೊನೆಗೆ ಹಿರಿಯಳಾದ ಒಬ್ಬಳು ಮುಂದೆ ಬಂದು, ತೋಳಿಗೆ ಕಟ್ಟುವ ಆ ಯಂತ್ರದ ಪಟ್ಟಿಯನ್ನು ಎತ್ತಿ, ಅದರ ಹೊಲಿಗೆಯನ್ನು ಉದ್ದಕ್ಕೂ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾಳೆ. ಸೂಜಿ ಎಲ್ಲಿ ಬಚ್ಚಿಟ್ಟಿದ್ದೀ ಎಂದು ಮರಾಠಿಯಲ್ಲಿ ಕೇಳುತ್ತಾಳೆ. ಸೂಜಿ ಇಲ್ಲ, ರಕ್ತ ತೆಗೆಯುವುದೇನಿದ್ದರೂ ದವಾಖಾನೆಯಲ್ಲಿ ಎಂದು ಸುಮಂಗಲಾ ಹೇಳುತ್ತಾರೆ. ತೆಗೆದ ರಕ್ತ ಮುಂಬಯಿಗೆ ಹೋಗಿ ಮಾರಾಟವಾಗುತ್ತದಂತಲ್ಲ, ತನ್ನ ಗೆಳತಿಯೊಬ್ಬಳು ಕಣ್ಣಾರೆ ನೋಡಿದ್ದಾಳೆ ಎಂದು ಆಕೆ ಅಡ್ಡಹಾಕುತ್ತಾಳೆ. ಸುಮಂಗಲಾ ನಗುವುದಿಲ್ಲ, ವಾದಕ್ಕೂ ಇಳಿಯುವುದಿಲ್ಲ. ಹಾಗಾದರೆ ರಕ್ತದ ಬಾಟಲಿಯನ್ನು ನೀನೇ ಮುಷ್ಟಿಯಲ್ಲಿ ಹಿಡಿದುಕೊಂಡು ಪರೀಕ್ಷೆಯ ಕಿಟಕಿಯವರೆಗೆ ಬಾ, ಒಳಗೆ ಯಾರು ತೆಗೆದುಕೊಳ್ಳುತ್ತಾರೋ ಅವರ ಮುಖ ನೋಡಿಕೋ ಎನ್ನುತ್ತಾರೆ. ಆಕೆ, ಮೊದಲು ಈ ಪಟ್ಟಿಯನ್ನು ನಿನ್ನ ತೋಳಿಗೇ ಕಟ್ಟಿಕೋ ಎಂದು ಅಪ್ಪಣೆ ಮಾಡುತ್ತಾಳೆ. ಸುಮಂಗಲಾ ಕಟ್ಟಿಕೊಳ್ಳುತ್ತಾರೆ. ಆಮೇಲಷ್ಟೇ ಆಕೆಯ ತೋಳು ಮುಂದೆ ಬರುತ್ತದೆ.

“ನನ್ನ ಬಿಪಿ ಇಡೀ ಜಿಲ್ಲಾಕ್ಕ ಗೊತ್ತದ ನೋಡ್ರಿ” ಎಂದು ಸುಮಂಗಲಾ ಸಾಮಾನುಗಳನ್ನು ಮತ್ತೆ ಚೀಲಕ್ಕೆ ತುಂಬುತ್ತ ಹೇಳುತ್ತಾರೆ. “ನಂಬ್ರಿ ಅಂತ ನಾ ಯಾರಿಗೂ ಅನ್ನಂಗಿಲ್ಲ. ಸಂಶಯ ಮಾಡ್ರಿ, ಆದ್ರ ಮನ್ಯಾಗ ಕುಂತು ಮಾಡಬ್ಯಾಡ್ರಿ, ನನ್ನ ಬಾಜೂ ನಿಂತು ಮಾಡ್ರಿ ಅಂತೀನಿ.”

ನಲವತ್ತು ದಾಟಿದ ಸುಮಂಗಲಾ ಅವರದು ನಾಶಿಕ ಮತ್ತು ಛತ್ರಪತಿ ಸಂಭಾಜಿನಗರ ಎರಡೂ ಕಡೆ ಓಡಾಡುವ ಕೆಲಸ. ಒಂದು ಸಣ್ಣ ಸಂಸ್ಥೆ ಈ ಎರಡು ಊರುಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರಿಗಾಗಿ ವಾರಕ್ಕೊಂದು ಸಂಜೆ ಬಾಡಿಗೆ ಕೋಣೆಯಲ್ಲಿ ಕ್ಲಿನಿಕ್ ನಡೆಸುತ್ತದೆ. ಅಲ್ಲಿ ಆಗದ ಕಾಯಿಲೆಗಳಿದ್ದರೆ ಸರ್ಕಾರಿ ದವಾಖಾನೆಗೆ ಜೊತೆಗೆ ಹೋಗಲು ಆ ಸಮುದಾಯದವರನ್ನೇ ನೇಮಿಸಿಕೊಂಡಿದೆ. ಕಾಗದದಲ್ಲಿ ಅವರನ್ನು ಸಮುದಾಯ ಆರೋಗ್ಯ ಕಾರ್ಯಕರ್ತೆ ಎಂದು ಬರೆದಿದ್ದಾರೆ. ಸುಮಂಗಲಾ ಮಾತ್ರ ‘ಜೋಡಿ ಹೋಗೂ ಕೆಲಸ’ ಎನ್ನುತ್ತಾರೆ. ಚೀಟಿ ಮಾಡಿಸುವಾಗ ಜೋಡಿ, ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಜೋಡಿ, ಡಾಕ್ಟರು ತಲೆಯೆತ್ತಿ ನೋಡದೆ ಮಾತ್ರೆ ಬರೆದರೆ ಸಾಹೇಬರೇ ಒಮ್ಮೆ ಎದೆಗೆ ಯಂತ್ರ ಇಟ್ಟು ನೋಡಿ ಎಂದು ಅಡ್ಡ ನಿಲ್ಲಲೂ ಜೋಡಿ.

ಇಂಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಅಪ್ಪ ಅವ್ವ ಇಟ್ಟಿಗೆ ಹೊರಲು ನಾಶಿಕಕ್ಕೆ ಬಂದಾಗ ಸುಮಂಗಲಾ ಕಂಕುಳ ಕೂಸು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಕಾಲಬುಡದ ತಗಡಿನ ಶೆಡ್ಡುಗಳಲ್ಲಿ ಬಾಲ್ಯ ಕಳೆಯಿತು. ಕಟ್ಟಿ ಮುಗಿದ ಮನೆಗೆ ಯಾರೋ ಬಂದು ಸೇರುತ್ತಿದ್ದರು, ಇವರ ಶೆಡ್ಡು ಮುಂದಿನ ಸೈಟಿಗೆ ಹೋಗುತ್ತಿತ್ತು. ಮನೆಯವರು ಗಂಡು ಹೆಸರಿಟ್ಟಿದ್ದರು, ಆ ಹೆಸರು ಈಗ ಯಾರಿಗೂ ಬೇಕಿಲ್ಲ. ಹದಿನಾರರ ವಯಸ್ಸಿನಲ್ಲಿ ತಂಗಿಯ ಲಂಗ ಉಟ್ಟು ಕನ್ನಡಿ ನೋಡಿಕೊಳ್ಳುತ್ತಿದ್ದಾಗ ಅಪ್ಪನ ಕೈಗೆ ಸಿಕ್ಕಿ, ಸೆಂಟ್ರಿಂಗ್ ಹಲಗೆಯಿಂದ ಹೊಡೆತ ತಿಂದು, ಪಂಚವಟಿಯ ಕಡೆ ಹಿಜ್ಡಾ ಸಮುದಾಯದ ಮನೆಯೊಂದನ್ನು ಹುಡುಕಿಕೊಂಡು ನಡೆದರು.

ಆ ಮನೆಯ ಗುರು ಆಕೆಯನ್ನು ಒಳಗೆ ಕರೆದು ಉಣ್ಣಲು ಕೊಟ್ಟರು. ತಿಂಗಳಾದ ಮೇಲೆ ಹಿರಿಯರನ್ನೆಲ್ಲ ಸೇರಿಸಿ, ಅವರೆದುರಿಗೆ ತನ್ನ ದುಪಟ್ಟಾವನ್ನು ಹುಡುಗಿಯ ತಲೆಗೆ ಹೊದಿಸಿ ಸುಮಂಗಲಾ ಎಂದು ಕರೆದರು. ಈ ಸಮುದಾಯದಲ್ಲಿ ಅದು ಸಣ್ಣ ಮಾತಲ್ಲ. ನೋಡುವವರ ಮುಂದೆ ಯಾರು ಯಾರ ತಲೆಗೆ ದುಪಟ್ಟಾ ಹೊದಿಸಿದರೋ ಅಂದಿನಿಂದ ಅವರು ಗುರು, ಹೊದ್ದವಳು ಚೇಲಾ. ಗುರುವೆಂದರೆ ತಾಯಿ, ಚೇಲಾ ಎಂದರೆ ಮಗಳು. ಗುರು ಸಾಕಬೇಕು, ಕಾಯಬೇಕು. ಗುರುವಿಗೆ ವಯಸ್ಸಾದಾಗ ಚೇಲಾ ಕೈಹಿಡಿದು ನಡೆಸಬೇಕು, ಕಣ್ಣುಮುಚ್ಚಿದರೆ ಮುಂದೆ ನಿಂತು ಕಳಿಸಿಕೊಡಬೇಕು. ಹೆತ್ತ ಮನೆಯಿಂದ ಹೊರಬಿದ್ದವರಿಗೆ ಇದೊಂದೇ ಬಳ್ಳಿ.

ಸುಮಂಗಲಾ ತಮ್ಮ ಗುರುವನ್ನು ಕಳಿಸಿಕೊಟ್ಟದ್ದು ಬಹಳ ಬೇಗ. ಕಾಮಾಲೆಯಾಗಿ ಒಂದು ದವಾಖಾನೆಗೆ ಸೇರಿಸಿದಾಗ ಅಲ್ಲಿಯವರು ಗುರುವನ್ನು ಗಂಡಸರ ವಾರ್ಡಿಗೆ ಹಾಕಿದರು. ಬೆಳಗಿನ ಜಾವ ಗುರು ಸಲೈನಿನ ಸೂಜಿಯನ್ನು ತಾವೇ ಕಿತ್ತು, ಆಟೊ ಹಿಡಿದು ಮನೆಗೆ ಬಂದುಬಿಟ್ಟರು. ಎಷ್ಟು ಹೇಳಿದರೂ ತಿರುಗಿ ಹೋಗಲಿಲ್ಲ. ವಾರದೊಳಗೆ ಹೋಗಿಬಿಟ್ಟರು.

“ಕಾಮಣಿ ಕೊಲ್ಲಲಿಲ್ರಿ ಆಕಿನ್ನ” ಎನ್ನುತ್ತಾರೆ ಸುಮಂಗಲಾ. “ಬಾಜೂ ಮಂಚದವರ ಕಣ್ಣು ಕೊಂದ್ವು.”

ಹೀಗಾಗಿ ಕೆಲವು ವರ್ಷಗಳ ನಂತರ ಈ ಸಂಸ್ಥೆಯವರು ಬಾಗಿಲಿಗೆ ಬಂದಾಗ ಮೊದಲು ಅಟ್ಟಿದ್ದು ಸುಮಂಗಲಾ ಅವರೇ. ಅದಕ್ಕೂ ಹಿಂದೆ ಎಷ್ಟೋ ಜನ ಬಂದಿದ್ದರು. ಫೋಟೊ ತೆಗೆದವರು ಇನ್ನೊಮ್ಮೆ ಮುಖ ತೋರಿಸಲಿಲ್ಲ, ರಕ್ತ ತೆಗೆದವರು ಅದರಲ್ಲಿ ಏನಿತ್ತೆಂದು ಹೇಳಲಿಲ್ಲ. ನಿಮಗೆ ಇದರಲ್ಲಿ ಏನು ಲಾಭ ಎಂದು ಸುಮಂಗಲಾ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, ಬಂದವರ ಉತ್ತರ ಸಿಹಿಯಾದಷ್ಟೂ ಇವರ ಗುಮಾನಿ ಬೆಳೆಯಿತು. ಕೊನೆಗೊಮ್ಮೆ ಅವರ ಜೊತೆ ದವಾಖಾನೆಗೆ ಹೋದದ್ದೂ ನಂಬಿಕೆಯಿಂದಲ್ಲ. “ಕಳ್ಳತನ ಹಿಡೀಬೇಕಂತ ಹೋಗಿದ್ದೆ. ಹಿಡಿಯೂದು ಇನ್ನೂ ನಡದದ” ಎಂದು ಕಣ್ಣು ಚಿಕ್ಕದು ಮಾಡಿ ನಗುತ್ತಾರೆ. ನಗುತ್ತಲೇ ಹೇಳಿದರೂ ಮಾತು ಸುಳ್ಳಲ್ಲ. ಕ್ಲಿನಿಕ್ಕಿಗೆ ಬಂದ ಪ್ರತಿಯೊಂದು ಮಾತ್ರೆಯ ಹಾಳೆಯ ಮೇಲಿನ ತಾರೀಕನ್ನು ಇಂದಿಗೂ ತಾವೇ ಬೆಳಕಿಗೆ ಹಿಡಿದು ನೋಡಿದ ಮೇಲೆ ಒಳಗೆ ಬಿಡುವುದು.

ಈ ಗುಣ ರಕ್ತದಲ್ಲೇ ಬಂದದ್ದಿರಬೇಕು. ಗಂಡ ತೀರಿಕೊಂಡ ಮೇಲೆ ಅವ್ವ ಸಕ್ರವ್ವ ಇವರ ಬಳಿಗೇ ಬಂದು ಇದ್ದಾರೆ. ಮಗಳು ದಿನಾ ಬೆಳಗಾದರೆ ದವಾಖಾನೆಗೆ ಹೋಗುತ್ತಾಳೆ ಎಂಬುದನ್ನು ಆಕೆ ವರ್ಷಾನುಗಟ್ಟಲೆ ನಂಬಿರಲಿಲ್ಲ. ಕ್ಲಿನಿಕ್ಕಿನ ಒಂದು ಸಂಜೆ ತಲೆತುಂಬ ಸೆರಗು ಹೊದ್ದು, ಒಂದು ಸಿಟಿ ಬಸ್ಸಿನ ಹಿಂದೆ ಇನ್ನೊಂದು ಬಸ್ಸು ಹತ್ತಿ ಹಿಂಬಾಲಿಸಿಯೇ ಬಿಟ್ಟರು. ಕ್ಲಿನಿಕ್ಕಿನ ಬೆಂಚಿನ ತುದಿಯಲ್ಲಿ ಗುರುತು ಸಿಗದಂತೆ ಕೂತಿದ್ದವರ ಸರದಿ ಬಂದಾಗ ಡಾಕ್ಟರು ಅವರ ಬಿಪಿಯನ್ನೂ ನೋಡಿಬಿಟ್ಟರು. ಅಂದಿನಿಂದ ಸಕ್ರವ್ವನಿಗೆ ದಿನಕ್ಕೊಂದು ಮಾತ್ರೆ. ಮಗಳು ಮಾಡುವುದು ಒಳ್ಳೆಯ ಕೆಲಸವೇ ಎಂದು ಈಗ ಒಪ್ಪುತ್ತಾರೆ, ಆದರೆ ರೊಟ್ಟಿ ಕಟ್ಟಿಕೊಡುವಾಗ ಯಾವ ಊರು, ಯಾವ ಬಸ್ಸು, ಯಾರ ಜೊತೆ ಎಂದು ಕೇಳುವುದನ್ನು ಬಿಟ್ಟಿಲ್ಲ.

ಸಂಭಾಜಿನಗರದ ಬಸ್ಸನ್ನು ಸುಮಂಗಲಾ ಕತ್ತಲಲ್ಲೇ ಹಿಡಿಯುತ್ತಾರೆ. ಪಕ್ಕದ ಸೀಟಿನಲ್ಲಿ ಕೂತವರು ಮುಂದಿನ ನಿಲ್ದಾಣದಲ್ಲಿ ಬೇರೆ ಜಾಗ ಹುಡುಕಿಕೊಳ್ಳುವುದು ರೂಢಿಯಾಗಿದೆ, ಕಾಲು ಚಾಚಲು ಜಾಗವಾಯಿತು ಎಂದುಕೊಳ್ಳುತ್ತಾರೆ. ಊರ ಹೊರಗಿನ ವಾಳೂಜಿನ ಕಾರ್ಖಾನೆಗಳ ಚಿಮಣಿ ಕಂಡಾಗ ಎದ್ದು ಕೂದಲು ಬಾಚಿಕೊಳ್ಳುತ್ತಾರೆ. ಹೊಸ ಊರಿನಲ್ಲಿ ಕೆದರಿದ ತಲೆಯವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದು ಅವರ ಅನುಭವ.

ಆ ಊರಿನ ಹಳೆಯ ಭಾಗದಲ್ಲಿ ರೇಷ್ಮಾ ನಾಯಕ್ ಅವರ ಮನೆ ಇದೆ. ನಾಯಕ್ ಎಂದರೆ ಸಮುದಾಯದ ಮುಖ್ಯಸ್ಥೆ. ಬಸವಕಲ್ಯಾಣದ ಕಡೆಯಿಂದ ಬಂದು ಈ ಊರಿನಲ್ಲೇ ಮುದುಕಿಯಾದವರು, ಕನ್ನಡವನ್ನು ಉರ್ದುವಿನಲ್ಲಿ ಅದ್ದಿ ಮಾತಾಡುವವರು. ಅವರ ಹೊಸ್ತಿಲಿನೊಳಗೆ ಹತ್ತಾರು ಚೇಲಾಗಳು. ಈ ಕ್ಲಿನಿಕ್ ಶುರುವಾದಾಗ ಅದು ನಡೆಯಬೇಕೋ ಬೇಡವೋ ಎಂಬುದು ಅವರ ತಲೆಯಾಡಿಸುವಿಕೆಯ ಮೇಲೆ ನಿಂತಿತ್ತು. ಅವರು ಅರ್ಧ ತಲೆಯಾಡಿಸಿದರು. ತಮ್ಮ ಹುಡುಗಿಯರು ಒಬ್ಬೊಬ್ಬರೇ ಹೋಗಬಾರದು, ಜೊತೆಯಲ್ಲಿ ಮನೆಯವರಿಬ್ಬರು ಇರಬೇಕು, ಅಲ್ಲಿ ಆದದ್ದೆಲ್ಲ ಸಂಜೆ ತಮಗೆ ವರದಿಯಾಗಬೇಕು ಎಂಬ ಷರತ್ತು ಹಾಕಿದರು.

ಆ ಹುಡುಗಿಯರಲ್ಲೊಬ್ಬಳು ಭಾಗ್ಯಶ್ರೀ. ಇಪ್ಪತ್ತೆರಡರ ವಯಸ್ಸು, ಅಫಜಲಪುರದ ಕಡೆಯ ಕುಟುಂಬ. ಅಪ್ಪ ಅಮ್ಮ ಬಿಡಕಿನ್‌ನಲ್ಲಿ ಏಳುತ್ತಿರುವ ಹೊಸ ಕಾರ್ಖಾನೆಗಳ ಕಟ್ಟಡ ಕೆಲಸದಲ್ಲಿದ್ದಾರೆ. ಮಗ ಪುಣೆಯಲ್ಲಿ ನೌಕರಿಯಲ್ಲಿದ್ದಾನೆ ಎಂದು ಅಪ್ಪ ಜೊತೆಯವರಿಗೆ ಹೇಳಿಕೊಂಡಿದ್ದಾನೆ. ಅವನ ‘ಮಗ’ ಅಲ್ಲಿಂದ ಒಂದು ಬಸ್ಸಿನ ದೂರದಲ್ಲಿ, ವಾಳೂಜಿನ ಸಿಗ್ನಲಿನಲ್ಲಿ ಸೀರೆಯುಟ್ಟು ಚಪ್ಪಾಳೆ ತಟ್ಟುತ್ತಾಳೆ. ಕ್ಲಿನಿಕ್ಕಿನಲ್ಲಿ ಎಲ್ಲರನ್ನೂ ನಗಿಸುವ ಈ ಹುಡುಗಿ ನಗುವಿನ ನಡುವೆ ಎದೆ ಒತ್ತಿಕೊಳ್ಳುವುದನ್ನು ಸುಮಂಗಲಾ ಕಂಡರು. ಕೆಮ್ಮು ಎಷ್ಟು ದಿನದಿಂದ ಎಂದರೆ ವಾಳೂಜಿನ ಧೂಳು ಎಂದಳು. ಕಫ ಪರೀಕ್ಷೆಗೆ ಬಾ ಎಂದರೆ, ದವಾಖಾನೆಯಲ್ಲಿ ಊರು ಹೆಸರು ಬರೆಸಿದರೆ ಅಪ್ಪನಿಗೆ ಸುದ್ದಿ ಹೋಗುತ್ತದೆ, ನಿನಗೆ ಅವನೇ ಹೇಳಿಕಳಿಸಿದ್ದಾನೋ ಏನೋ ಎಂದು ಮುಖ ತಿರುಗಿಸಿದಳು. ಸುಮಂಗಲಾ ವಾರ ವಾರವೂ ಕೇಳಿದರು. ಕೊನೆಗೆ ಭಾಗ್ಯಶ್ರೀ ಬಂದದ್ದು, ಚೀಟಿಯ ಮೇಲೆ ಏನು ಬರೆಯುತ್ತಾರೋ ತಾನೇ ನಿಂತು ನೋಡುತ್ತೇನೆ ಎಂಬ ಷರತ್ತಿನ ಮೇಲೆ. ಕಫದಲ್ಲಿ ಕ್ಷಯ ಕಂಡಿತು. ಆರು ತಿಂಗಳು ತಪ್ಪದೆ ನುಂಗಬೇಕಾದ ಗುಳಿಗೆಗಳು ಶುರುವಾದವು.

ತಪ್ಪು ನಡೆದದ್ದು ಎರಡನೆಯ ತಿಂಗಳಲ್ಲಿ, ಕಳೆದ ಚಳಿಗಾಲದ ಒಂದು ಬೆಳಗ್ಗೆ. ದವಾಖಾನೆಯ ತೆರೆದ ಪಡಸಾಲೆಯಲ್ಲಿ ಎಕ್ಸ್‌ರೇಗೆ ಕಾಯುತ್ತ ಕೂತಿದ್ದಾಗ ಭಾಗ್ಯಶ್ರೀಗೆ ಜ್ವರ ಏರಿ ಹಲ್ಲು ಕಟಕಟಿಸತೊಡಗಿತು. ಸುಮಂಗಲಾ ತಮ್ಮ ಹೆಗಲ ಮೇಲಿದ್ದ ದುಪಟ್ಟಾ ತೆಗೆದು ಆಕೆಯ ತಲೆಗೆ ಹೊದಿಸಿ, ಎರಡೂ ತುದಿ ಎಳೆದು ಗಲ್ಲದ ಕೆಳಗೆ ಗಂಟು ಹಾಕಿದರು. ಎದುರಿನ ಬೆಂಚಿನಲ್ಲಿ ನಾಯಕ್ ಮನೆಯಿಂದ ಜೊತೆಗೆ ಬಂದಿದ್ದ ಇಬ್ಬರು ಚಹಾ ಕುಡಿಯುತ್ತಿದ್ದರು. ಒಬ್ಬಳ ಕೈಯ ಲೋಟ ಬಾಯಿಗೆ ಹೋಗದೆ ನಿಂತಿತು.

ಬೇರೆ ಯಾರು ಮಾಡಿದ್ದರೂ ಅದು ಚಳಿಗೆ ಹೊದಿಸಿದ ಬಟ್ಟೆ. ಅಲ್ಲಿದ್ದ ನರ್ಸು ಮಾಡಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಸುಮಂಗಲಾ ಆ ಸಮುದಾಯದವರು, ಅದರ ರೀತಿ ಬಲ್ಲವರು, ಮತ್ತು ನೋಡುವವರ ಮುಂದೆ ಇನ್ನೊಬ್ಬ ಗುರುವಿನ ಚೇಲಾಳ ತಲೆಗೆ ತಮ್ಮ ದುಪಟ್ಟಾ ಹೊದಿಸಿದ್ದರು. ಅದು ಸಂಜೆಯೊಳಗೆ ರೇಷ್ಮಾ ನಾಯಕ್ ಕಿವಿ ಮುಟ್ಟಿತು.

ಮುಂದಿನ ವಾರ ಸುಮಂಗಲಾ ಬಂದಾಗ ಸಿಗ್ನಲಿನಲ್ಲಿ ಭಾಗ್ಯಶ್ರೀ ಇರಲಿಲ್ಲ. ಫೋನು ಹತ್ತಲಿಲ್ಲ. ನಾಯಕ್ ಮನೆಯ ಬಾಗಿಲು ಒಂದು ಅಂಗೈ ಅಗಲ ತೆರೆಯಿತು. ಗುರುಮಾ ಇಲ್ಲ ಎಂದು ಒಬ್ಬಳು ಹೇಳುವಾಗ ಒಳಗಿನಿಂದ ಅಡಕೆ ಕತ್ತರಿಸುವ ಸದ್ದು ಕೇಳುತ್ತಿತ್ತು. ಕ್ಲಿನಿಕ್ಕಿನ ಸಂಜೆ ಕೋಣೆ ಖಾಲಿ. ನಾಶಿಕದವರು ಕ್ಲಿನಿಕ್ಕಿನ ನೆಪದಲ್ಲಿ ಈ ಊರಿನ ಚೇಲಾಗಳನ್ನು ಸೆಳೆಯಲು ಬಂದಿದ್ದಾರೆ ಎಂಬ ಮಾತು ಎಲ್ಲ ಸಿಗ್ನಲುಗಳಲ್ಲೂ ಓಡಾಡಿತು. ಕ್ಷಯವಿದ್ದವಳ ಜೊತೆ ಒಂದೇ ಸೂರಿನಡಿ ಇರುವವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಸುಮಂಗಲಾ ಅದಕ್ಕೆ ಮೊದಲೇ ಹೇಳಿದ್ದರು. ಈಗ ಅದೇ ಸಾಕ್ಷಿಯಾಯಿತು. ಒಬ್ಬಳನ್ನು ಎಳೆದುಕೊಂಡಳು, ಇನ್ನು ಮನೆಯನ್ನೇ ಎಳೆಯುತ್ತಾಳೆ ಎಂದರು.

ನಾಶಿಕದಲ್ಲೂ ಕಣ್ಣುಗಳು ತಿರುಗಿದವು. ಹೇಳದೆ ಕೇಳದೆ ಚೇಲಾ ಮಾಡಿಕೊಳ್ಳುವಷ್ಟು ದೊಡ್ಡವಳಾದೆಯಾ ಎಂದು ಇವರ ಮನೆಯ ಹಿರಿಯರು ಕರೆಸಿ ಕೇಳಿದರು. ಕಚೇರಿಯ ಹುಡುಗರು ಒಳ್ಳೆಯವರೇ, ವಾಟ್ಸಾಪಿನಲ್ಲಿ ಒಂದು ಸ್ಪಷ್ಟನೆ ಹಾಕಿ ಬೇರೆಯವರನ್ನು ಕಳಿಸೋಣ ಎಂದರು. ಹಾಗೆ ಮಾಡಿದರೆ ಕದ್ದವಳನ್ನು ಬಚ್ಚಿಟ್ಟರು ಎನ್ನುತ್ತಾರೆ ಎಂದು ಸುಮಂಗಲಾ ತಡೆದರು. ಸಂಸ್ಥೆಯ ಡಾಕ್ಟರು ಚೈತನ್ಯಾ. ಓಝರಿನ ವಿಮಾನ ಕಾರ್ಖಾನೆಯ ಎಂಜಿನಿಯರರ ಮಗಳು, ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಮರಾಠಿಯಲ್ಲಿ ಕೊಡುವವರು. ಅವರಿಗೆ ಈ ದುಪಟ್ಟಾದ ಗಲಾಟೆಯ ತಲೆಬುಡ ತಿಳಿಯಲಿಲ್ಲ. ತಿಳಿದದ್ದು ಒಂದೇ. ಭಾಗ್ಯಶ್ರೀಯ ಕೈಯಲ್ಲಿರುವ ಗುಳಿಗೆ ಶುಕ್ರವಾರ ಮುಗಿಯುತ್ತದೆ. ನಡುವೆ ಬಿಟ್ಟರೆ ರೋಗ ಈ ಗುಳಿಗೆಗಳಿಗೆ ಬಗ್ಗದ ಹಾಗೆ ಬಲಿತು ತಿರುಗಿ ಬರಬಹುದು, ಆಮೇಲೆ ಆ ಹುಡುಗಿಯನ್ನು ಉಳಿಸಿಕೊಳ್ಳುವುದು ಕಷ್ಟ.

ಆ ರಾತ್ರಿ ಊಟಕ್ಕೆ ಕೂತಾಗ ಸಕ್ರವ್ವನೂ ಕೇಳಿದರು. “ಖರೇ ಹೇಳು. ಆ ಹುಡುಗಿನ್ನ ಇಟ್ಕೋಬೇಕಂತ ನಿನ್ನ ಮನಸಿನ್ಯಾಗ ಇತ್ತಿಲ್ಲೋ?”

ಅವ್ವನಿಗೆ ಕೊಟ್ಟ ಉತ್ತರವನ್ನು ಸುಮಂಗಲಾ ಈಗಲೂ ಮುಚ್ಚಿಡುವುದಿಲ್ಲ. “ಹೊದಿಸೂ ಮುಂದ ಏನೂ ಇರಲಿಲ್ರಿ, ಚಳಿ ಅಷ್ಟೇ. ಹೊದಿಸಿದ ಮ್ಯಾಲ ಆಕಿ ನನ್ನ ಮುಖ ನೋಡಿದ್ಳು. ಆವಾಗ ಇತ್ತು. ಇರಲಿಲ್ಲ ಅಂದ್ರ ದೇವರು ಮೆಚ್ಚಂಗಿಲ್ಲ.”

ಬುಧವಾರ ಸಂಭಾಜಿನಗರದಲ್ಲಿ ಹಿರಿಯರ ಪಂಚಾಯ್ತಿ ಸೇರಿತು. ನಾಶಿಕದಿಂದ ತಮ್ಮ ಮನೆಯ ಹಿರಿಯಳೊಬ್ಬಳನ್ನು ಕರೆದುಕೊಂಡು ಸುಮಂಗಲಾ ಹೋದರು. ಬಿಳಿಯ ಜಮಖಾನೆಯ ಮೇಲೆ ಸುತ್ತಲೂ ಗುರುಗಳು, ನಡುವೆ ಎಲೆಯಡಕೆಯ ತಟ್ಟೆ, ಗೋಡೆಯ ಬದಿಯಲ್ಲಿ ತಲೆತಗ್ಗಿಸಿದ ಭಾಗ್ಯಶ್ರೀ. ಆಕೆ ಕೆಮ್ಮನ್ನು ಹತ್ತಿಕ್ಕುವುದು ಎಲ್ಲರಿಗೂ ಕೇಳುತ್ತಿತ್ತು. ಸುಮಂಗಲಾ ಎದ್ದು ನಿಂತು ಚಳಿಗೆ ಹೊದಿಸಿದೆ, ತಪ್ಪು ನನ್ನದು, ದಂಡ ಏನಿದೆಯೋ ಹಾಕಿ ಎಂದರು. ಹಿರಿಯರು ದಂಡದ ಮಾತಿಗೆ ಹೊರಟಾಗ ರೇಷ್ಮಾ ನಾಯಕ್ ಕೈ ಎತ್ತಿ ತಡೆದರು.

“ಇವತ್ತ ಚಳಿಗಿ ಅಂತೀ, ನಾಳಿ ಬಿಸಲಿಗಿ ಅಂತೀ. ಏನ್ ಡಾಕ್ಟರಬಾಯಿ, ನಿನ್ನ ದವಾಖಾನಿಗಿ ಬಂದ ಹುಡುಗ್ಯಾರೆಲ್ಲಾ ನಿನಗ ಅನಾಥರಂಗ ಕಾಣ್ತಾರೇನು? ಅವರಿಗಿ ಮನಿ ಅದ. ನಾ ಇನ್ನಾ ಜಿಂದಾ ಇದ್ದೀನಿ.”

ಮಾತು ಚುಚ್ಚಿತು, ಅದರಲ್ಲಿ ನಿಜವಿತ್ತು. ಸುಮಂಗಲಾ ಯಾರೂ ಕೇಳದಿದ್ದ ಮಾತೊಂದನ್ನು ಕೊಟ್ಟರು. ಈ ಊರಲ್ಲಾಗಲಿ ನಾಶಿಕದಲ್ಲಾಗಲಿ, ಬದುಕಿರುವವರೆಗೆ ಯಾರ ತಲೆಗೂ ದುಪಟ್ಟಾ ಹೊದಿಸುವುದಿಲ್ಲ, ಯಾರಿಗೂ ಗುರುವಾಗುವುದಿಲ್ಲ ಎಂದರು. ಜೊತೆಗೆ ಬಂದಿದ್ದ ಹಿರಿಯಳು ಗಾಬರಿಯಾಗಿ ಸೆರಗು ಹಿಡಿದು ಕೂರಿಸಲು ನೋಡಿದಳು. ಜಮಖಾನೆಯ ಮೇಲೆ ಕೂತವರ ಬಾಯಿಯ ಎಲೆಯಡಕೆ ನಿಂತಿತು. ಚೇಲಾ ಇಲ್ಲದೆ ಮುದುಕಿಯಾಗುವುದು ಎಂದರೇನೆಂದು ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು.

ಮುಪ್ಪಿನಲ್ಲಿ ನಿನಗೆ ನೀರು ಕೊಡುವವರು ಯಾರು ಎಂದು ನಾಯಕ್ ಕೇಳಿದರು.

“ಅದು ಮುಂದಿನ ಮಾತ್ರಿ ನಾಯಕ್. ಆಕಿ ಗುಳಿಗಿ ಶುಕ್ರವಾರ ಮುಗೀತಾವ.”

ಇಷ್ಟಾದ ಮೇಲೆ ರೇಷ್ಮಾ ನಾಯಕ್ ನಂಬಿದರು ಎಂದುಕೊಂಡರೆ ತಪ್ಪು. ಮಾತು ಎಲ್ಲರೂ ಕೊಡುತ್ತಾರೆ, ನಾನೇ ಬಂದು ನೋಡುತ್ತೇನೆ ಎಂದರು. ಭಾಗ್ಯಶ್ರೀ ದವಾಖಾನೆಗೆ ಬರುವುದು ತಮ್ಮ ಜೊತೆಯಲ್ಲೇ, ಹೊರಗೆಲ್ಲೂ ಸುಮಂಗಲಾ ಆಕೆಯನ್ನು ಮಾತಾಡಿಸಕೂಡದು, ಒಳಗೂ ಮೈಮುಟ್ಟಕೂಡದು ಎಂದು ಕಟ್ಟಳೆ ಹಾಕಿದರು. ಸುಮಂಗಲಾ ಎಲ್ಲಕ್ಕೂ ಹೂಂ ಎಂದರು.

ಶುಕ್ರವಾರ ನಾಯಕ್ ಎಲೆಯಡಕೆಯ ಡಬ್ಬಿ ಸಮೇತ ಕ್ಲಿನಿಕ್ಕಿಗೆ ಬಂದು ಡಾಕ್ಟರ ಮೇಜಿನ ಪಕ್ಕಕ್ಕೇ ಕುರ್ಚಿ ಎಳೆಸಿಕೊಂಡು ಕೂತರು. ಗುಳಿಗೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದೊಂದು ಏನು ಮಾಡುತ್ತದೆ, ಮೂತ್ರ ಯಾಕೆ ಕೆಂಪಗಾಗುತ್ತದೆ, ಮಗ್ಗುಲ ಮನೆಯವಳಿಗೂ ಇದೇ ಕೊಟ್ಟಿದ್ದೀರಾ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಚೈತನ್ಯಾ ಮರಾಠಿಯಲ್ಲಿ ಹೇಳಿದ್ದನ್ನು ಸುಮಂಗಲಾ ಕನ್ನಡದಲ್ಲಿ ಹೇಳಿದರೆ, ನಡುವೆ ಏನನ್ನೋ ನುಂಗುತ್ತೀ ಎಂದು ಅದನ್ನೇ ಡಾಕ್ಟರ ಬಾಯಿಂದ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿಸಿದರು. ಮುಂದೆ ತಿಂಗಳಿಗೊಮ್ಮೆ ಇದೇ ಪಾಠ. ಸರ್ಕಾರಿ ದವಾಖಾನೆಯಲ್ಲಿ ಮನೆಯವರ ಎಕ್ಸ್‌ರೇ ಕೂಡ ಆಯಿತು. ಒಬ್ಬೊಬ್ಬರನ್ನೇ ಒಳಗೆ ಕಳಿಸಿ, ಹೊರಬಂದವಳ ಎದೆಬೆನ್ನು ಸವರಿ ನೋಡಿ, ಎಲ್ಲರೂ ಸುರಕ್ಷಿತವಾಗಿ ಮರಳಿದ ಮೇಲಷ್ಟೇ ನಾಯಕ್ ತಮ್ಮ ಸರದಿಗೆ ಎದ್ದರು. ಹೆಂಗಸರ ಸಾಲಿನಲ್ಲಿ ನಿಂತ ಅವರನ್ನು ಸಿಬ್ಬಂದಿಯೊಬ್ಬ ಆಚೆ ಸಾಲಿಗೆ ಹೋಗಿ ಎಂದಾಗ ಒಂದೇ ಒಂದು ಚಪ್ಪಾಳೆ ಬಿತ್ತು. ಪಡಸಾಲೆಯೆಲ್ಲ ತಿರುಗಿ ನೋಡಿತು, ಅವನು ಮತ್ತೆ ಬಾಯಿ ತೆಗೆಯಲಿಲ್ಲ. ಹೆಂಗಸರ ಸಾಲಿನಲ್ಲಿ ನಿಲ್ಲಲು ಬಿಡಿ ಎಂದು ಅಷ್ಟು ವರ್ಷ ಅರ್ಜಿ ಬರೆದು ಕೇಳಿದ್ದು ಆ ಕಿಟಕಿಯಲ್ಲಿ ಒಂದು ಚಪ್ಪಾಳೆಗೆ ಆಯಿತು ಎಂದು ಸುಮಂಗಲಾ ಈಗಲೂ ತಲೆದೂಗುತ್ತಾರೆ.

ಇದರ ಬೆನ್ನಲ್ಲೇ ಯಾರೂ ಎಣಿಸದ ಇನ್ನೊಂದು ಬೆಳವಣಿಗೆ ನಡೆದಿದೆ. ರೇಷ್ಮಾ ನಾಯಕ್ ತಪ್ಪದೆ ಅಲ್ಲಿಗೆ ಹೋಗುತ್ತಾರೆಂದರೆ ಅವರಿಗೆ ಏನೋ ಸಿಗುತ್ತಿರಬೇಕು, ನಮಗೆ ಹೇಳುತ್ತಿಲ್ಲ ಎಂಬ ಗುಮಾನಿ ಬೇರೆ ಮನೆಗಳ ಗುರುಗಳಿಗೆ ಹತ್ತಿದೆ. ಏನೆಂದು ಪತ್ತೆ ಮಾಡಲು ಅವರೂ ಚೇಲಾಗಳನ್ನು ಕರೆದುಕೊಂಡು ಬರುತ್ತಿದ್ದಾರೆ. ಯಾರಿಗೋ ಸಕ್ಕರೆ ಕಾಯಿಲೆ ಕಂಡಿದೆ, ಯಾರದೋ ಹಳೆಯ ಶಸ್ತ್ರಕ್ರಿಯೆಯ ಗಾಯ ಕೊನೆಗೂ ಒಬ್ಬ ಸರ್ಜನ್ನಿನ ಕಣ್ಣಿಗೆ ಬಿದ್ದಿದೆ. ಸಂಜೆಯ ಕ್ಲಿನಿಕ್ಕಿನಲ್ಲಿ ಈಗ ಕುರ್ಚಿ ಸಾಲದು. ಕೂತವರೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ, ತಮ್ಮ ತಮ್ಮ ಚೇಲಾಗಳ ಕೈ ಬಿಗಿಯಾಗಿ ಹಿಡಿದುಕೊಂಡೇ ಕೂತಿರುತ್ತಾರೆ.

ಭಾಗ್ಯಶ್ರೀಯ ಕೊನೆಯ ಗುಳಿಗೆ ಮಳೆಗಾಲಕ್ಕೆ ಮೊದಲೇ ಮುಗಿಯಿತು. ಕಫ ಶುದ್ಧವಾಗಿದೆ ಎಂಬ ವರದಿಯನ್ನು ಚೈತನ್ಯಾ ಓದಿದಾಗ ನಾಯಕ್ ಅದನ್ನು ಕಿತ್ತುಕೊಂಡು, ಓದಲು ಬಾರದಿದ್ದರೂ ಮೇಲಿಂದ ಕೆಳಗೆ ನೋಡಿ, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಸುಮಂಗಲಾಗೆ ಹಾಕಿದ ಕಟ್ಟಳೆಯನ್ನು ಮಾತ್ರ ಸಡಿಲಿಸಲಿಲ್ಲ.

ಸಂಜೆ ವಾಳೂಜಿನ ಕಾರ್ಖಾನೆಗಳ ಪಾಳಿ ಬಿಡುವ ಹೊತ್ತು. ನಾಶಿಕದ ಬಸ್ಸಿಗೆ ಕಾಯುತ್ತ ಸುಮಂಗಲಾ ರಸ್ತೆಯ ಈ ಬದಿಯಲ್ಲಿ ನಿಂತಿದ್ದಾರೆ. ಆ ಬದಿಯ ಸಿಗ್ನಲಿನಲ್ಲಿ ಹಸಿರು ಸೀರೆಯ ಭಾಗ್ಯಶ್ರೀ ಆಟೊಗಳ ನಡುವೆ ನುಸುಳುತ್ತಿದ್ದಾಳೆ. ಒಮ್ಮೆ ಈ ಕಡೆ ನೋಡುತ್ತಾಳೆ, ನೋಡದವಳಂತೆ ತಿರುಗುತ್ತಾಳೆ. ಸುಮಂಗಲಾ ಕೂಡ ಬಸ್ಸು ಬರುವ ದಿಕ್ಕಿಗೆ ಮುಖ ಮಾಡುತ್ತಾರೆ.

ಕೊಟ್ಟ ಮಾತಿನ ಬಗ್ಗೆ ಕೇಳಿದರೆ ಬೇಸರ ಮುಚ್ಚಿಡುವುದಿಲ್ಲ. ಮುಂದೊಂದು ದಿನ ಅವ್ವ ಹೋದ ಮೇಲೆ ಮನೆ ಖಾಲಿ ಎನ್ನುತ್ತಾರೆ. ಇನ್ನೇನು ಆಸೆ ಇದೆ ಎಂಬ ಮಾತು ಬರುತ್ತದೆ. ಅಷ್ಟರಲ್ಲಿ ಉಕ್ಕಿನ ಸುರುಳಿ ಹೇರಿದ ಲಾರಿಯೊಂದು ಕೆಂಪು ದೀಪ ದಾಟಿ ಭಾಗ್ಯಶ್ರೀಯ ಸೆರಗು ಸವರಿಕೊಂಡೇ ಹೋಗುತ್ತದೆ. ಆಕೆ ಡ್ರೈವರನ ಅಪ್ಪನಿಂದ ಶುರುಮಾಡಿ ಅಫಜಲಪುರದ ಕನ್ನಡದಲ್ಲಿ ಬೈಯತೊಡಗುತ್ತಾಳೆ. ಹಾರ್ನುಗಳ ನಡುವೆಯೂ ಆ ದನಿ, ಒಮ್ಮೆಯೂ ಕೆಮ್ಮಿಗೆ ತಡೆಯದೆ, ರಸ್ತೆ ದಾಟಿ ಈಚೆಗೆ ಬರುತ್ತದೆ. ಸುಮಂಗಲಾ ತುಟಿಯ ಮೇಲೆ ಬೆರಳಿಟ್ಟು, ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲಾಡದೆ ಕೇಳುತ್ತಾರೆ.

“ಕೇಳಿದ್ರ್ಯಾ?” ಎನ್ನುತ್ತಾರೆ ಆಮೇಲೆ. “ಅಷ್ಟೂ ಬೈಗುಳ, ಒಂದ ಉಸುರಿನ್ಯಾಗ.”